ಹೆಸರು ಕೊಟ್ಟರೂ ‘ನಲ್’ ಏಕೆ?

ಪ್ರಶ್ನೆ: ನಾನು ಬಿಸಿಎ ವಿದ್ಯಾರ್ಥಿ. ನಮ್ಮೂರಿನ ಹಾಲು ಉತ್ಪಾದಕರ ಸಂಘದ ಲೆಕ್ಕಕ್ಕೆಂದು ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಸದಸ್ಯ’ ಎಂಬ ಕ್ಲಾಸ್ (ಆಬ್ಜೆಕ್ಟುಗಳನ್ನು ಮಾಡುವ ಅಚ್ಚು) ಬರೆದಿದ್ದೇನೆ. ಸಂಖ್ಯೆ, ಹೆಸರು, ಒಟ್ಟು ಲೀಟರ್ ಅದರ ಫೀಲ್ಡ್‌ಗಳು, ಅಂದರೆ ಮಾಹಿತಿ ಇಡುವ ಜಾಗಗಳು. ಅವುಗಳಿಗೆ ಆರಂಭದ ಮಾಹಿತಿ ತುಂಬುವ ಕನ್‌ಸ್ಟ್ರಕ್ಟರಿಗೆ 12 ಮತ್ತು ‘ಗೌರಮ್ಮ’ ಎಂದು ಕೊಟ್ಟರೂ ಮುದ್ರಿಸಿದಾಗ 0 ಮತ್ತು ‘ನಲ್’ (ಏನೂ ಇಲ್ಲ) ಬರುತ್ತವೆ. ಎರರ್ ಒಂದೂ ಇಲ್ಲ. ಕನ್‌ಸ್ಟ್ರಕ್ಟರ್ ಓಡುತ್ತಲೇ ಇಲ್ಲವೇ?
– ಓದುಗ, ಚನ್ನರಾಯಪಟ್ಟಣ

ಉತ್ತರ: ಓಡುತ್ತಿದೆ. ನೀವು ಬರೆದದ್ದನ್ನು ಅಕ್ಷರಶಃ ಪಾಲಿಸುತ್ತಿದೆ. ನೀವು ಕಳಿಸಿದ ಹಾಳೆಯಲ್ಲಿ ಕನ್‌ಸ್ಟ್ರಕ್ಟರಿನ ಒಳಗಿರುವುದು ಈ ಎರಡು ಸಾಲು:

ಸಂಖ್ಯೆ = ಸಂಖ್ಯೆ;
ಹೆಸರು = ಹೆಸರು;

ಎಡಗಡೆಯ ‘ಹೆಸರು’ ಯಾವುದು? ಫೀಲ್ಡ್ ಎಂದು ನೀವು ಭಾವಿಸಿದ್ದೀರಿ. ಅದೇ ಹೆಸರಿನ ಪ್ಯಾರಾಮೀಟರ್ (ಹೊರಗಿನಿಂದ ಕೊಟ್ಟದ್ದನ್ನು ಹಿಡಿದುಕೊಳ್ಳುವ ಹೆಸರು) ಇರುವವರೆಗೆ ಜಾವಾಕ್ಕೆ ಫೀಲ್ಡ್ ಕಾಣುವುದಿಲ್ಲ. ಎಡಕ್ಕೂ ಬಲಕ್ಕೂ ಪ್ಯಾರಾಮೀಟರೇ. ಗೌರಮ್ಮನ ಹೆಸರನ್ನು ಪ್ಯಾರಾಮೀಟರಿನಿಂದ ತೆಗೆದು ಮತ್ತೆ ಅದಕ್ಕೇ ತುಂಬಿದ್ದೀರಿ. ಕನ್‌ಸ್ಟ್ರಕ್ಟರ್ ಮುಗಿದೊಡನೆ ಪ್ಯಾರಾಮೀಟರಿನ ಜೊತೆಗೆ ಹೆಸರೂ ಹೋಯಿತು. ಹೀಗೆ ಬರೆಯಿರಿ:

ದಿಸ್.ಸಂಖ್ಯೆ = ಸಂಖ್ಯೆ;
ದಿಸ್.ಹೆಸರು = ಹೆಸರು;

(ಜಾವಾದ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದ್ದೇವೆ, ನೀವು ಇಂಗ್ಲಿಷಿನಲ್ಲೇ ಟೈಪ್ ಮಾಡಿ.)

‘ದಿಸ್’ ಎಂದರೆ ಈಗ ಕೈಯಲ್ಲಿರುವ ಆಬ್ಜೆಕ್ಟ್. ಹಾಗಾದರೆ 0 ಮತ್ತು ‘ನಲ್’ ಎಲ್ಲಿಂದ ಬಂದವು? ‘ನ್ಯೂ’ ಎಂದೊಡನೆ ಜಾವಾ ಮೊದಲು ಆಬ್ಜೆಕ್ಟಿಗೆ ಮೆಮೊರಿಯಲ್ಲಿ ಜಾಗ ಮಾಡಿ, ಪೂರ್ಣಾಂಕಕ್ಕೆ 0, ದಶಮಾಂಶಕ್ಕೆ 0.0, ಸ್ಟ್ರಿಂಗ್‌ಗೆ (ಅಕ್ಷರಗಳ ಸಾಲಿಗೆ) ‘ನಲ್’ ಎಂದು ತಾನೇ ತುಂಬಿರುತ್ತದೆ. ನಿಮ್ಮ ಕನ್‌ಸ್ಟ್ರಕ್ಟರಿನ ಸರದಿ ಬರುವುದು ಆಮೇಲೆ. ಅಂದರೆ ಆಬ್ಜೆಕ್ಟನ್ನು ಹುಟ್ಟಿಸುವುದು ‘ನ್ಯೂ’. ಅದನ್ನು ಕೆಲಸಕ್ಕೆ ಬರುವಂತೆ ಸಜ್ಜುಗೊಳಿಸುವುದು ಕನ್‌ಸ್ಟ್ರಕ್ಟರ್.

ಪರೀಕ್ಷೆಯ ಗೈಡುಗಳು ಇದನ್ನು ಬಿಟ್ಟು ‘ಕನ್‌ಸ್ಟ್ರಕ್ಟರ್ ಎಂದರೆ ಒಂದು ವಿಶೇಷ ಮೆಥಡ್’ ಎಂದು ಉರು ಹೊಡೆಸುತ್ತವೆ. ನನಗೆ ಈ ವ್ಯಾಖ್ಯೆಯ ಮೇಲೆ ಹಳೆಯ ಸಿಟ್ಟಿದೆ. ಮೆಥಡ್ (ಹೆಸರಿಟ್ಟು ಕರೆಯುವ ಕೆಲಸ) ಅಲ್ಲವೇ ಎಂದುಕೊಂಡು ಹುಡುಗರು ಅದರ ಹೆಸರಿಗೆ ಮೊದಲು ‘ವಾಯ್ಡ್’ (ಏನನ್ನೂ ಹಿಂದಿರುಗಿಸದು) ಎಂದು ಸೇರಿಸುತ್ತಾರೆ. ಆಗ ಅದು ನಿಜವಾಗಿಯೂ ‘ಸದಸ್ಯ’ ಎಂಬ ಹೆಸರಿನ ಮಾಮೂಲಿ ಮೆಥಡ್ ಆಗಿಬಿಡುತ್ತದೆ, ‘ನ್ಯೂ’ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಪ್ಯಾರಾಮೀಟರ್ ಇಲ್ಲದಿದ್ದರಂತೂ, ಬರೆದದ್ದನ್ನು ಓಡಿಸುವ ಮೊದಲು ಪರಿಶೀಲಿಸಿ ಅನುವಾದಿಸುವ ಕಂಪೈಲರ್ ತುಟಿ ಬಿಚ್ಚುವುದಿಲ್ಲ.

ನಿಮಗೊಂದು ಉಪಾಯ. ಸಂಖ್ಯೆ, ಹೆಸರು ಎರಡೂ ಬದಲಾಗದ ಫೀಲ್ಡ್‌ಗಳು. ಅವುಗಳನ್ನು ಘೋಷಿಸುವ ಸಾಲಿನಲ್ಲಿ ಟೈಪಿಗೂ ಮೊದಲು ‘ಫೈನಲ್’ ಎಂದು ಬರೆಯಿರಿ. ಆಮೇಲೆ ‘ದಿಸ್’ ಮರೆತರೆ, ಈ ಫೀಲ್ಡಿಗೆ ಬೆಲೆಯನ್ನೇ ಕೊಟ್ಟಿಲ್ಲ ಎಂದು ಕಂಪೈಲರ್ ತಡೆಯುತ್ತದೆ. ಒಟ್ಟು ಲೀಟರಿಗೆ ಮಾತ್ರ ಹಾಕಬೇಡಿ, ಅದು ದಿನಕ್ಕೆರಡು ಹೊತ್ತು ಬೆಳೆಯಬೇಕಾದದ್ದು.

ಫೀಲ್ಡ್‌ಗಳಿಗೆ ಕನ್ನಡದಲ್ಲೇ ಹೆಸರಿಟ್ಟದ್ದು ಕಂಡು ಖುಷಿಯಾಯಿತು. ಜಾವಾ ಯೂನಿಕೋಡ್ ಅಕ್ಷರಗಳನ್ನು ಒಪ್ಪುತ್ತದೆ. ಆದರೆ ಫೈಲನ್ನು ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ಒಂದು ಎನ್‌ಕೋಡಿಂಗ್) ಆಗಿ ಉಳಿಸಿ. 2022ರಲ್ಲಿ ಬಂದ ಜಾವಾ 18ರಿಂದ ಅದೇ ರೂಢಿಯ ಆಯ್ಕೆ; ಲ್ಯಾಬಿನಲ್ಲಿ ವಿಂಡೋಸ್ ಮೇಲೆ ಹಳೆಯ ಜಾವಾ ಇದ್ದರೆ ಕಂಪೈಲ್ ಮಾಡುವಾಗ ಎನ್‌ಕೋಡಿಂಗ್ ತಿಳಿಸಬೇಕಾಗುತ್ತದೆ.

ಪ್ರಶ್ನೆ: ಪ್ರೋಗ್ರಾಂ ಶುರುವಾಗುವ ‘ಮೇನ್’ ಒಳಗಿಂದ ನನ್ನ ‘ಹಾಲುಹಾಕು’ ಮೆಥಡನ್ನು ಕರೆದಾಗ ಎರರ್ ಬಂತು. ಗೆಳೆಯ ಹೇಳಿದನೆಂದು ಮೆಥಡಿಗೂ ಫೀಲ್ಡಿಗೂ ‘ಸ್ಟ್ಯಾಟಿಕ್’ ಹಾಕಿದೆ. ಎರರ್ ಹೋಯಿತು, ಆದರೆ ಈಗ ಎಲ್ಲ ಸದಸ್ಯರ ಲೀಟರೂ ಒಂದೇ ಬರುತ್ತಿದೆ.
– ಅದೇ ಓದುಗ, ಇನ್ನೊಂದು ಪತ್ರದಲ್ಲಿ

ಉತ್ತರ: ನಿಮ್ಮ ಗೆಳೆಯ ಬೆಂಕಿ ಆರಿಸಲು ಹೋಗಿ ಮನೆಯನ್ನೇ ಮುಳುಗಿಸಿದ್ದಾನೆ. ‘ಸ್ಟ್ಯಾಟಿಕ್’ ಫೀಲ್ಡ್ ಇಡೀ ಕ್ಲಾಸಿಗೆ ಒಂದೇ. ಗೌರಮ್ಮ 5 ಲೀಟರ್, ರಂಗಪ್ಪ 3 ಲೀಟರ್ ಹಾಕಿದರೆ ಇಬ್ಬರ ಖಾತೆಯಲ್ಲೂ 8. ಬಟವಾಡೆಯ ದಿನ ಸಂಘದ ಮುಂದೆ ಜಗಳ ನೋಡಬೇಕಾದೀತು.

ಮೊದಲು ಬಂದ ಎರರ್ ನಿಮ್ಮನ್ನು ಕೇಳಿದ್ದು ಒಂದೇ ಮಾತು: ಯಾರ ಹಾಲು? ‘ಮೇನ್’ ಸ್ಟ್ಯಾಟಿಕ್ ಆದ್ದರಿಂದ ಅದರ ಬಳಿ ಯಾವ ಸದಸ್ಯರೂ ಇರುವುದಿಲ್ಲ. ಬರಿದೇ ಹಾಲುಹಾಕು(5) ಎಂದರೆ ಅದು ಯಾರ ಲೆಕ್ಕಕ್ಕೆ ಬರೆದುಕೊಳ್ಳಬೇಕು? ‘ನ್ಯೂ’ ಬಳಸಿ ಒಬ್ಬ ಸದಸ್ಯರನ್ನು ಮಾಡಿಕೊಂಡು ಗೌರಮ್ಮ.ಹಾಲುಹಾಕು(5) ಎನ್ನಿ; ಎರಡೂ ಕಡೆಯ ‘ಸ್ಟ್ಯಾಟಿಕ್’ ಕಿತ್ತುಹಾಕಿ. ಅದು ಬೇಕೇ ಬೇಕು ಎನ್ನುವುದಾದರೆ, ಹೊಸಬರಿಗೆ ಕೊಡಬೇಕಾದ ಮುಂದಿನ ಸದಸ್ಯ ಸಂಖ್ಯೆಗೆ ಇಟ್ಟುಕೊಳ್ಳಿ. ಅದು ಯಾವೊಬ್ಬ ಸದಸ್ಯರ ಸ್ವಂತದ್ದೂ ಅಲ್ಲ.

ಪ್ರಶ್ನೆ: ಕ್ಲಾಸಿನಲ್ಲಿ ಕನ್‌ಸ್ಟ್ರಕ್ಟರೇ ಇಲ್ಲದಿದ್ದಾಗ ‘ನ್ಯೂ’ ಮುಂದೆ ಖಾಲಿ ಆವರಣವಿಟ್ಟರೂ ನಡೆಯುತ್ತಿತ್ತು. ಪ್ಯಾರಾಮೀಟರ್ ಇರುವ ಒಂದನ್ನು ಬರೆದ ಮೇಲೆ ಹಳೆಯ ಸಾಲುಗಳೆಲ್ಲ ಕೆಂಪಾಗಿವೆ. ಏಕೆ?
– ಓದುಗಿ, ಶಿರಸಿ

ಉತ್ತರ: ನೀವು ಏನೂ ಬರೆಯದಿದ್ದಾಗ ಕಂಪೈಲರ್ ತಾನೇ ಒಂದು ಖಾಲಿ ಕನ್‌ಸ್ಟ್ರಕ್ಟರ್ ಒದಗಿಸುತ್ತದೆ. ಒಂದನ್ನಾದರೂ ಬರೆದಿರೋ, ಆ ಸೌಲಭ್ಯ ರದ್ದು. ಖಾಲಿಯದೂ ಬೇಕಿದ್ದರೆ ಕೈಯಾರೆ ಬರೆಯಿರಿ. ಬರೆಯುವ ಮುನ್ನ, ಮೇಲಿನ ಸಂಘದಲ್ಲಿ ಹೆಸರಿಲ್ಲದ ಸದಸ್ಯರಿದ್ದಂತೆ, ಖಾಲಿ ಆಬ್ಜೆಕ್ಟುಗಳು ನಿಮಗೆ ನಿಜಕ್ಕೂ ಬೇಕೇ ನೋಡಿ. ಬೇಡವಾದರೆ ಆ ಕೆಂಪು ಸಾಲುಗಳನ್ನೇ ತಿದ್ದಿ.