ಬಹುರಾಷ್ಟ್ರೀಯ ಕಂಪನಿ ಅಂದರೆ ಏನು? ಅದು ಬೇರೆ ಬೇರೆ ದೇಶಗಳಲ್ಲಿ ಹೇಗೆ ನಡೆಯುತ್ತದೆ?

ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು. ನಮ್ಮ ಅಡಿಕೆ ತೋಟದ ನಡುವೆ ಕೊಕ್ಕೋ ಗಿಡಗಳಿವೆ, ಚಾಕಲೇಟ್ ಆಗುವುದು ಅದರ ಬೀಜದಿಂದಲೇ. ನಿಮ್ಮ ಪ್ರಶ್ನೆಗೆ ಅಲ್ಲಿಂದಲೇ ಉತ್ತರ ಹೇಳುತ್ತೇನೆ.

ಅಂಗಡಿಯಲ್ಲಿ ಒಂದು ಡೈರಿ ಮಿಲ್ಕ್ ತೆಗೆದುಕೊಂಡು ಹಿಂದಿನ ಸಣ್ಣ ಅಕ್ಷರ ಓದಿ. ಮೊಂಡಲೀಜ್ ಇಂಡಿಯಾ ಅಂತ ಇರುತ್ತದೆ. ಅದು ನಮ್ಮ ದೇಶದಲ್ಲೇ ನೋಂದಣಿಯಾದ, ಇಲ್ಲಿನ ಕಾನೂನಿಗೆ ಒಳಪಟ್ಟ ಕಂಪನಿ. ಆದರೆ ಅದರ ಮೇಲಿನ ಕಂಪನಿ ಇರುವುದು ಅಮೆರಿಕದ ಶಿಕಾಗೋದಲ್ಲಿ. ಹೀಗೆ ದೇಶಕ್ಕೊಂದು ಕಂಪನಿ, ಎಲ್ಲದರ ಹಿಡಿತ ಒಂದೇ ಕೈಯಲ್ಲಿ. ಬಹುರಾಷ್ಟ್ರೀಯ ಅನ್ನುವುದು ಇದನ್ನೇ. ಸುಮ್ನೆ ಹೊರದೇಶಕ್ಕೆ ಮಾಲು ಕಳಿಸಿದರೆ ಅದು ರಫ್ತು ಅಷ್ಟೇ.

ಇದರ ಕಥೆಯನ್ನೇ ನೋಡಿ. ಡೈರಿ ಮಿಲ್ಕ್ ಮೊದಲು ಮಾಡಿದ ಬ್ರಿಟನ್ನಿನ ಕ್ಯಾಡ್ಬರಿ 1948ರಲ್ಲಿ ಭಾರತಕ್ಕೆ ಬಂತು, 1965ರಿಂದ ಕೇರಳದಲ್ಲಿ ಕೊಕ್ಕೋ ಬೆಳೆಸಲು ಮುಂದಾಯಿತು. 2010ರಲ್ಲಿ ಅಮೆರಿಕದ ಕ್ರಾಫ್ಟ್ ಅದನ್ನು ಕೊಂಡಿತು. 2012ರಲ್ಲಿ ಕ್ರಾಫ್ಟ್ ಎರಡು ಪಾಲಾದಾಗ ಚಾಕಲೇಟ್ ವ್ಯಾಪಾರ ಮೊಂಡಲೀಜ್‌ಗೆ ಸೇರಿತು. ಇಷ್ಟೆಲ್ಲ ಆದರೂ ಮಕ್ಕಳು ಅಂಗಡಿಯಲ್ಲಿ ಕೇಳುವುದು ಇವತ್ತಿಗೂ ಕ್ಯಾಡ್ಬರಿಯನ್ನೇ ಅಲ್ವಾ?

ದುಡ್ಡು ಮೇಲಕ್ಕೆ ಹೋಗುವ ದಾರಿಗಳಿವೆ. ಷೇರಿನ ಲಾಭಾಂಶ ಒಂದು, ಹೆಸರು ಮತ್ತು ತಂತ್ರಜ್ಞಾನ ಬಳಸಿದ್ದಕ್ಕೆ ಕೊಡುವ ರಾಯಲ್ಟಿ ಇನ್ನೊಂದು. ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದೇ ಗುಂಪಿನ ಎರಡು ಕಂಪನಿಗಳು ತಮ್ಮೊಳಗೇ ಕೊಡುಕೊಳ್ಳುವಾಗ ಬೆಲೆ ಗೊತ್ತು ಮಾಡುವವರೂ ಅವರೇ. ತೆರಿಗೆ ಜಾಸ್ತಿ ಇರುವ ದೇಶದ ಕಂಪನಿ, ತೆರಿಗೆ ಕಡಿಮೆ ಇರುವ ದೇಶದ ತನ್ನವರಿಂದಲೇ ದುಬಾರಿಗೆ ಕೊಂಡರೆ ಲಾಭವೆಲ್ಲ ಅಲ್ಲಿ ಕಾಣುತ್ತದೆ, ಇಲ್ಲಿ ಕಾಣುವುದಿಲ್ಲ. ಅದಕ್ಕೇ ನಮ್ಮ ಆದಾಯ ತೆರಿಗೆ ಕಾನೂನು 2001ರಲ್ಲಿ ಇದರ ಮೇಲೆ ವಿವರವಾದ ನಿಯಮ ತಂದಿತು: ಸಂಬಂಧ ಇಲ್ಲದವರ ಜೊತೆ ವ್ಯಾಪಾರ ಮಾಡಿದ್ದರೆ ಎಷ್ಟು ಬೆಲೆ ಆಗುತ್ತಿತ್ತೋ ಅದನ್ನೇ ಹಿಡಿಯಬೇಕು. 2021ರಲ್ಲಿ 130ಕ್ಕೂ ಹೆಚ್ಚು ದೇಶಗಳು, ಭಾರತವೂ ಸೇರಿ, ತುಂಬಾ ದೊಡ್ಡ ಕಂಪನಿಗಳಿಗೆ ಕನಿಷ್ಠ ಶೇ. 15 ತೆರಿಗೆ ಇರಬೇಕು ಅಂತ ಒಪ್ಪಿದವು. ಒಂದೇ ದೇಶ ಬಿಗಿ ಮಾಡಿದರೆ ಸಾಲದು, ಲಾಭ ಗಡಿ ದಾಟಿಬಿಡುತ್ತದೆ.

ನನ್ನನ್ನು ಕಾಡುವುದು ಮಾತ್ರ ಬೇರೆ ವಿಷಯ. ಕೊಕ್ಕೋ ಕಾಯಿ ಒಡೆದರೆ ಬಿಳಿ ಲೋಳೆ ಸುತ್ತಿದ ಬೀಜ, ಕೈಗೆಲ್ಲ ಅಂಟು. ಅದನ್ನು ಹಸಿಯಾಗಿಯೇ ಮಾರುತ್ತೇವೆ, ಇಟ್ಟುಕೊಂಡು ಕಾಯಲು ಆಗುವುದಿಲ್ಲ. 1980ರ ಹೊತ್ತಿಗೆ ಬೆಲೆ ಕುಸಿದು ಕೊಳ್ಳುವವರಿಲ್ಲದೆ ಅಪ್ಪ ಗಿಡ ಕಡಿಸಿದ್ದರು. ಬೆಳೆಸಿ ಅಂದ ಕಂಪನಿಗೆ ಬೇರೆ ದೇಶದ ಬೀಜ ಸಿಗುತ್ತದೆ, ನಮಗೆ ಬೇರೆ ತೋಟ ಇಲ್ಲ. ಆಗ ಕೊಳ್ಳಲು ನಿಂತದ್ದು ಬೆಳೆಗಾರರೇ ಕಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೋ. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕಲೇಟ್ ಕಾರ್ಖಾನೆಯೂ ಬಂತು. ಅಪ್ಪ ಮತ್ತೆ ಗಿಡ ನೆಟ್ಟದ್ದು ಆಮೇಲೆ.