ಎರೆ ನೆಲದಲ್ಲಿ ಹೈಸ್ಕೂಲ್: ಕಾಂಟ್ರಾಕ್ಟರ್ ಇದ್ದಮೇಲೆ ಬೇರೆ ಇಂಜಿನಿಯರ್ ಯಾಕೆ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಗದಗ ಹತ್ತಿರ ನಿಮ್ಮ ಟ್ರಸ್ಟಿಗೆ ಎರಡು ಎಕರೆ ಎರೆ (ಕಪ್ಪು ಮಣ್ಣಿನ) ಜಮೀನಿದೆ, ಎನ್‌ಎ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ ಕೂಡ ಆಗಿದೆ. ಈಗ ಒಂದೇ ಸಾಲಿನಲ್ಲಿ ಎಂಟು ಕೊಠಡಿಯ ಹೈಸ್ಕೂಲ್ ಕಟ್ಟಬೇಕು, ದುಡ್ಡು ಕೂಡಿದಾಗ ಅದರ ಮೇಲೆ ಪಿಯು ಕಾಲೇಜು. ಊರಿನ ಕಾಂಟ್ರಾಕ್ಟರ್ "ಪ್ಲಾನು, ಡಿಸೈನು, ಕೆಲಸ ಎಲ್ಲಾ ನನಗೇ ಬಿಡ್ರಿ" ಅಂದಿದ್ದಾರೆ. ಬೇರೆ ಇಂಜಿನಿಯರಿಗೆ ಫೀಸು ಕೊಟ್ಟರೆ ಸುಮ್ನೆ ದಂಡ ಅಲ್ವಾ ಅಂತ ಕೇಳಿದ್ದೀರಿ.

ದಂಡ ಅಲ್ಲ. ನಾನು ಹುಬ್ಬಳ್ಳಿ ಕಡೆಯ ಸ್ಟ್ರಕ್ಚರಲ್ ಇಂಜಿನಿಯರ್, ಶಾಲೆ ಕಾಲೇಜುಗಳ ಕೆಲಸವೇ ಜಾಸ್ತಿ. ನಿಮ್ಮ ಕಾಂಟ್ರಾಕ್ಟರ್ ಒಳ್ಳೆಯವರೇ ಇರಬಹುದು. ಆದರೂ ಕಟ್ಟುವವರೂ ಅವರೇ, ಕಟ್ಟಿದ್ದು ಸರಿಯಿದೆ ಅನ್ನುವವರೂ ಅವರೇ ಆಗಬಾರದು. ಇಂಜಿನಿಯರ್ ನಿಮ್ಮ ಕಡೆಯವರಿರಬೇಕು, ಅವರ ಫೀಸು ನಿಮ್ಮ ಕೈಯಿಂದಲೇ ಹೋಗಬೇಕು.

ಮೊದಲು ಮಣ್ಣು. ಬೇಸಿಗೆಯಲ್ಲಿ ನಿಮ್ಮ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ ಅಲ್ವಾ? ಅದೇ ನೆಲ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಎಷ್ಟು ಉಬ್ಬುತ್ತದೆ ಅಂತ ನೋಡಲು ಒಂದು ಸರಳ ಪರೀಕ್ಷೆ ಇದೆ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ ಎರಡು ಅಳತೆ ಜಾಡಿಗಳಿಗೆ ಹಾಕುತ್ತಾರೆ. ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ಶುದ್ಧ ನೀರು. 24 ಗಂಟೆ ಬಿಟ್ಟು ನೋಡಿದರೆ ಸೀಮೆಎಣ್ಣೆಯಲ್ಲಿರುವ ಮಣ್ಣು ಇದ್ದಷ್ಟೇ ಇರುತ್ತದೆ, ನೀರಿನಲ್ಲಿರುವುದು ಮೇಲೆ ಬಂದಿರುತ್ತದೆ. ಸೀಮೆಎಣ್ಣೆಯಲ್ಲಿ 10 ಮಿಲಿ, ನೀರಿನಲ್ಲಿ 17 ಮಿಲಿ ಇದ್ದರೆ ಉಬ್ಬು ಶೇ 70. ಶೇ 50 ದಾಟಿತು ಅಂದರೆ ಮಾಮೂಲಿ ಪಾಯ ಅಲ್ಲಿ ನಡೆಯುವುದಿಲ್ಲ ಅಂತಲೇ ಇಟ್ಟುಕೊಳ್ಳಿ.

ಈ ಪರೀಕ್ಷೆಯ ಜೊತೆ ಎರಡು ಮೂರು ಕಡೆ ಮಣ್ಣಿನ ಪದರ ನೋಡಲು ಬೋರ್ ಹಾಕಿಸಿ, ಗಟ್ಟಿ ಪದರ ಎಷ್ಟು ಆಳದಲ್ಲಿದೆ, ಅದು ಎಷ್ಟು ಭಾರ ಹೊರುತ್ತದೆ ಅಂತ ರಿಪೋರ್ಟ್ ತೆಗೆದುಕೊಳ್ಳಿ. ಇಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದವರು ಫೀಸು ತೆಗೆದುಕೊಂಡು ಮಾಡಿಕೊಡುತ್ತಾರೆ. ಎರೆ ಪದರ ತೆಳ್ಳಗಿದ್ದರೆ ಅದನ್ನು ತೆಗೆದು ಗರಸಿನ ಮೇಲೆ ಫುಟಿಂಗ್ (ಕಾಲಂ ಕೆಳಗಿನ ಅಗಲವಾದ ಕಾಂಕ್ರೀಟ್ ಪಾದ) ಕೂರಿಸಬಹುದು. ಆಳವಾಗಿದ್ದರೆ ಅಂಡರ್‌ರೀಮ್ಡ್ ಪೈಲ್, ಅಂದರೆ ನೆಲದೊಳಗೆ ಆಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ ಬೇಕಾಗಬಹುದು. ಅದರ ಬುಡದ ಹತ್ತಿರ ಗಡ್ಡೆಯಂಥ ಉಬ್ಬು ಇರುತ್ತದೆ, ಕಂಬದ ಸುಮಾರು ಎರಡೂವರೆ ಪಟ್ಟು ಅಗಲ. ಮೇಲಿನ ಮಣ್ಣು ಉಬ್ಬಿ ಎತ್ತಲು ನೋಡಿದರೂ ಆ ಗಡ್ಡೆ ಕಟ್ಟಡವನ್ನು ಕೆಳಗೆ ಹಿಡಿದಿಡುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ (ಸಿಬಿಆರ್‌ಐ) ಇಂಥ ನೆಲಕ್ಕಾಗಿಯೇ ಈ ಪದ್ಧತಿಯನ್ನು ಬೆಳೆಸಿತು. ಗೋಡೆಯನ್ನು ಹೊರುವ ಪ್ಲಿಂತ್ ಬೀಮಿನ ಕೆಳಗೆ ಮೂರು ಇಂಚಿನಷ್ಟು ಜಾಗ ಖಾಲಿ ಬಿಡುತ್ತಾರೆ, ಮಣ್ಣು ಉಬ್ಬಿದರೆ ಅಲ್ಲಿ ಉಬ್ಬಲಿ ಅಂತ. ಕೊಠಡಿಯ ನೆಲದ ಕೆಳಗಿನ ಎರೆಯನ್ನೂ ತೆಗೆಸಿ ಗರಸು ತುಂಬಿಸಿ. ಇಲ್ಲದಿದ್ದರೆ ಗೋಡೆ ಸರಿಯಿದ್ದರೂ ಫರಸಿ ಎದ್ದು ಕೂರುತ್ತದೆ.

ನಮ್ಮ ಕಡೆಯ ಒಂದು ಶಾಲೆಗೆ ನನ್ನನ್ನು ಕರೆಸಿದ್ದರು. ಮಳೆಗಾಲದಲ್ಲಿ ಮೂಲೆ ಕೊಠಡಿಯ ಬಾಗಿಲು ಚೌಕಟ್ಟಿಗೆ ಕೂರುತ್ತಿರಲಿಲ್ಲ, ಚಿಲಕ ಬೀಳುತ್ತಿರಲಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೋಗಿತ್ತು. ಬಡಗಿ ಬಾಗಿಲು ಹೆರೆದು ಹೆರೆದು ಸಾಕಾಗಿದ್ದ. ನೋಡಿದರೆ ಶೌಚಾಲಯದ ಇಂಗುಗುಂಡಿ ಆ ಮೂಲೆಗೆ ಅಂಟಿಕೊಂಡೇ ಇತ್ತು. ಕಟ್ಟಡದ ಒಂದು ಮೂಲೆ ಯಾವಾಗಲೂ ಒದ್ದೆ, ಉಳಿದದ್ದು ಒಣ. ಹೀಗಾಗಿ ಇಂಗುಗುಂಡಿ, ನೀರಿನ ಸಂಪು, ದೊಡ್ಡ ಗಿಡಗಳು ಗೋಡೆಯಿಂದ ದೂರ ಇರಲಿ. ಸುತ್ತಲೂ ಇಳಿಜಾರಾದ ಕಾಂಕ್ರೀಟ್ ಪಟ್ಟಿ, ಅದರಾಚೆ ಚರಂಡಿ ಮಾಡಿಸಿ.

ಇನ್ನು ಭಾರದ ಲೆಕ್ಕ. ಊರ ಕಾಂಟ್ರಾಕ್ಟರುಗಳು ಹೆಚ್ಚಾಗಿ ಮನೆ ಕಟ್ಟಿದವರು, ಸರಳಿನ ಅಂದಾಜೂ ಮನೆಯದ್ದೇ ಇರುತ್ತದೆ. ಭಾರತೀಯ ಮಾನಕ ಐಎಸ್ 875ರ ಪ್ರಕಾರ ಮನೆಯ ಸ್ಲ್ಯಾಬಿಗೆ ಚದರ ಮೀಟರಿಗೆ ಸುಮಾರು 200 ಕೆಜಿ ಬಳಕೆ ಭಾರ (ಜನ, ಸಾಮಾನಿನ ಭಾರ) ಹಿಡಿದರೆ, ತರಗತಿಗೆ 300, ವರಾಂಡ ಮತ್ತು ಮೆಟ್ಟಿಲಿಗೆ 400 ಹಿಡಿಯಬೇಕು. ಬೆಲ್ ಹೊಡೆದಾಗ ಮಕ್ಕಳೆಲ್ಲ ಒಮ್ಮೆಗೇ ವರಾಂಡಕ್ಕೆ ಬರುವುದನ್ನು ನೆನೆಸಿಕೊಳ್ಳಿ. ಪುಸ್ತಕದ ಕಪಾಟುಗಳಿರುವ ಲೈಬ್ರರಿಗೆ ಇನ್ನೂ ಜಾಸ್ತಿ, ಅದನ್ನು ಕೆಳಗಿನ ಅಂತಸ್ತಿನಲ್ಲೇ ಇಡಿ. ಭೂಕಂಪದ ಲೆಕ್ಕದಲ್ಲೂ ಐಎಸ್ 1893 ಶಾಲೆಗೆ ಒಂದೂವರೆ ಪಟ್ಟು ಬಲ ಹಿಡಿಯಲು ಹೇಳುತ್ತದೆ. ನಮ್ಮ ಕಡೆ ಎಲ್ಲಿಯ ಭೂಕಂಪ ಅನ್ನಬೇಡಿ. 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿ ನೆಲಸಮವಾಯಿತು, ಅದು ಇರುವುದು ನಮ್ಮ ಕಲಬುರಗಿ ಗಡಿಯ ಆಚೆಗೆ.

ನಿಮ್ಮ ಎಂಟು ಕೊಠಡಿ ಒಂದೇ ಸಾಲು ಅಂದರೆ, 25 ಅಡಿಯಂತೆ 200 ಅಡಿ, ಸುಮಾರು 61 ಮೀಟರ್. 45 ಮೀಟರ್ ದಾಟಿದ ಕಟ್ಟಡಕ್ಕೆ ನಡುವೆ ಎಕ್ಸ್‌ಪ್ಯಾನ್ಷನ್ ಜಾಯಿಂಟ್, ಅಂದರೆ ಹಿಗ್ಗಲು ಕುಗ್ಗಲು ಬಿಟ್ಟ ಸಂದು ಬೇಕು. ಕಾಂಟ್ರಾಕ್ಟರ್ ತಂದ ಪ್ಲಾನಿನಲ್ಲಿ ಅದು ಇದೆಯಾ ಅಂತ ಇವತ್ತೇ ನೋಡಿ. ಇಲ್ಲದಿದ್ದರೆ ಬಿಸಿಲಿಗೆ ಹಿಗ್ಗಿ ಕುಗ್ಗಿ ಕಾಂಕ್ರೀಟು ತನಗೆ ಬೇಕಾದ ಕಡೆ ತಾನೇ ಬಿರುಕು ಬಿಡುತ್ತದೆ.

ಪಿಯು ಕಾಲೇಜಿನ ವಿಷಯ. ಮೇಲೆ ಎಷ್ಟು ಅಂತಸ್ತು ಬರುತ್ತದೆ ಅಂತ ಟ್ರಸ್ಟಿನಲ್ಲಿ ಈಗಲೇ ಠರಾವು ಮಾಡಿ. ಪಾಯ, ಕಾಲಂ ಎಲ್ಲವೂ ಆ ಕೊನೆಯ ಲೆಕ್ಕಕ್ಕೇ ಆಗಬೇಕು. ಮುಂದೆ ಪಾಯ ದೊಡ್ಡದು ಮಾಡುವ ಖರ್ಚಿನ ಮುಂದೆ ಈಗಿನ ಹೆಚ್ಚುವರಿ ಖರ್ಚು ಏನೂ ಅಲ್ಲ. ಕಾಲಂ ತಲೆಯ ಮೇಲೆ ಬಿಟ್ಟ ಸರಳಿಗೆ ಸಿಮೆಂಟ್ ಹಾಲು ಬಳಿದು ಬಡ (ಸಿಮೆಂಟ್ ಕಡಿಮೆ ಇರುವ) ಕಾಂಕ್ರೀಟಿನಲ್ಲಿ ಮುಚ್ಚಿಸಿ, ತುಕ್ಕು ಹಿಡಿಯಬಾರದು. ಮೇಲೆ ಕೆಲಸ ನಡೆಯುವಾಗ ಕೆಳಗೆ ಪಾಠ ಮಾತ್ರ ನಡೆಸಬೇಡಿ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕುಸಿದ ಕಟ್ಟಡ ಇನ್ನೂ ಪೂರ್ತಿಯಾಗಿರಲಿಲ್ಲ, ಕೆಳಗೆ ಆಗಲೇ ಅಂಗಡಿಗಳಿದ್ದವು.

ಬೆಂಕಿಯ ಬಗ್ಗೆಯೂ ಒಂದು ಮಾತು. 2004ರ ಜುಲೈ 16ರಂದು ಕುಂಭಕೋಣಂನ ಶಾಲೆಯಲ್ಲಿ 94 ಮಕ್ಕಳು ಸತ್ತರು. ಆ ಪ್ರಕರಣದಿಂದ ಹೊರಟ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2009ರಲ್ಲಿ ಶಾಲಾ ಕಟ್ಟಡಗಳ ಸುರಕ್ಷತೆಗೆ ಕಟ್ಟುನಿಟ್ಟಿನ ಆದೇಶ ಕೊಟ್ಟಿತು. ನಿಮ್ಮ ಸಾಲಿನ ಎರಡೂ ತುದಿಗೆ ಒಂದೊಂದು ಮೆಟ್ಟಿಲು ಇರಲಿ, ಅಗಲ 1.5 ಮೀಟರಿಗೆ ಕಡಿಮೆ ಬೇಡ. ಬಿಸಿಯೂಟದ ಅಡುಗೆಮನೆ ಬೇರೆಯಾಗಿಯೇ ಇರಲಿ. ಗಾಲಿಕುರ್ಚಿಯ ಮಕ್ಕಳಿಗೆ ಇಳಿಜಾರು ದಾರಿ ಬೇಕು, ಒಂದಡಿ ಏರಲು ಹನ್ನೆರಡು ಅಡಿ ಉದ್ದ.

ಈಗ ಕೆಲಸದ ಮೇಲಿನ ಉಸ್ತುವಾರಿ. ಡಿಸೈನ್ ಎಷ್ಟೇ ಚೆನ್ನಾಗಿದ್ದರೂ ಸ್ಲ್ಯಾಬ್ ಹಾಕುವ ದಿನ ಕೆಡಬಹುದು. ಮಧ್ಯಾಹ್ನದ ಹೊತ್ತಿಗೆ ಕಾಂಕ್ರೀಟು ಗಟ್ಟಿಯಾಗಿ ಎಳೆಯಲು ಬರುತ್ತಿಲ್ಲ ಅಂತ ಯಾರೋ ಮಿಕ್ಸರಿಗೆ ಪೈಪು ಹಿಡಿಯುತ್ತಾರೆ. ಎಂ25 ದರ್ಜೆಯ ಕಾಂಕ್ರೀಟಿಗೆ 50 ಕೆಜಿ ಸಿಮೆಂಟ್ ಚೀಲಕ್ಕೆ 25 ಲೀಟರಿಗಿಂತ ಜಾಸ್ತಿ ನೀರು ಹೋಗಬಾರದು, ಮರಳಿನಲ್ಲಿರುವ ತೇವವೂ ಅದರಲ್ಲೇ ಬಂತು. ಆ ಪೈಪನ್ನು ನಿಲ್ಲಿಸುವ ಅಧಿಕಾರ ಇರುವವರು ಅಲ್ಲಿ ನಿಂತಿರಬೇಕು. ಕಾಂಟ್ರಾಕ್ಟರ್ ಸಂಬಳ ಕೊಡುವ ಹುಡುಗ ಅದನ್ನು ನಿಲ್ಲಿಸುವುದು ಕಷ್ಟ, ಪಾಪ. ಅದೇ ಕಾಂಕ್ರೀಟನ್ನು ನಿಮ್ಮ ಇಂಜಿನಿಯರ್ ಎದುರಿಗೇ ಆರಿಂಚಿನ ಅಚ್ಚುಗಳಿಗೆ ತುಂಬಿಸಿ, ಕ್ಯೂಬ್ ಮೇಲೆ ತಾರೀಖು ಕೆತ್ತಿಸಿ. 28 ದಿನ ನೀರಿನಲ್ಲಿಟ್ಟು ಒತ್ತಿದಾಗ ಅದು ಸುಮಾರು 57 ಟನ್ನಿಗಿಂತ ಮೇಲೆ ತಡೆಯಬೇಕು. ಬೇರೆ ಕಡೆ ಚೆನ್ನಾಗಿ ಸಿಮೆಂಟ್ ಹಾಕಿ ಮಾಡಿಟ್ಟ ಕ್ಯೂಬ್ ತಂದು ತೋರಿಸಿದರೆ ಒಪ್ಪಬೇಡಿ.

ಬಿಲ್ಲನ್ನೂ ಇದಕ್ಕೇ ಜೋಡಿಸಿ. ನಿಮ್ಮ ಇಂಜಿನಿಯರ್ ಅಳೆದು ಎಂಬಿ (ಅಳತೆ ಪುಸ್ತಕ) ಬರೆಯಬೇಕು, ಕ್ಯೂಬ್ ರಿಪೋರ್ಟ್ ಲಗತ್ತಾಗಬೇಕು, ಆಮೇಲೆ ಚೆಕ್. ಇದನ್ನು ಒಪ್ಪಂದದಲ್ಲೇ ಬರೆಸಿ. ಇದರಿಂದ ಕಾಂಟ್ರಾಕ್ಟರ್ ಜೊತೆ ಜಗಳ ಕಡಿಮೆಯಾಗುತ್ತದೆ, ಒಳ್ಳೆಯ ಕಾಂಟ್ರಾಕ್ಟರುಗಳು ಖುಷಿಯಿಂದಲೇ ಒಪ್ಪುತ್ತಾರೆ.

ಸದ್ಯಕ್ಕೆ ಅಡ್ವಾನ್ಸ್ ಕೊಡಬೇಡಿ, ಮಣ್ಣು ಪರೀಕ್ಷೆ ಮಾಡಿಸಿ. ರಿಪೋರ್ಟ್ ಬಂದ ಮೇಲೆ ಎರೆ ಪದರದ ಆಳ, ಉಬ್ಬಿನ ಶೇಕಡಾವಾರು, ಎಷ್ಟು ಅಂತಸ್ತು ಅಂತ ಇಲ್ಲೇ ಬರೆಯಿರಿ. ಫುಟಿಂಗ್ ಸಾಕಾ, ಪೈಲ್ ಬೇಕಾ ಅಂತ ನೋಡಿ ಹೇಳುತ್ತೇನೆ.