13 ಇಂಚಿನ ಮೀನಿನ ಪರವಾಗಿ

ಓದುಗರ ಪತ್ರ: ಫ್ಲೈ ಫಿಶಿಂಗ್ (ಫ್ಲೈ ಎಂಬ ನಕಲಿ ಹುಳದ ಗಾಳದಿಂದ ಮೀನು ಹಿಡಿಯುವುದು) ಶುರು ಮಾಡಿ ಎರಡು ವರ್ಷವಾಯಿತು. ನನಗೆ ಸಿಗುವುದೆಲ್ಲ 10ರಿಂದ 13 ಇಂಚಿನ ಟ್ರೌಟ್, ತಣ್ಣೀರಿನ ಮೀನು. ಗೆಳೆಯರು 20 ಇಂಚಿನ ಮೀನು ಎತ್ತಿ ಹಿಡಿದ ಫೋಟೊ ತೋರಿಸುತ್ತಾರೆ. ನನಗೆ ನನ್ನ ಮೀನುಗಳಲ್ಲೇ ಖುಷಿ ಇದೆ. ಇದು ಸುಮ್ನೆ ನನಗೆ ನಾನೇ ಹೇಳಿಕೊಳ್ಳುವ ಸಮಾಧಾನವೇ? ಯಾವ ಅಳತೆಯ ಟ್ರೌಟ್ ಹಿಡಿದರೆ ಜಾಸ್ತಿ ಮಜಾ?

ಸಂಪಾದಕರ ಉತ್ತರ: ಮೊದಲು ತೀರ್ಪು ಹೇಳಿಬಿಡುತ್ತೇನೆ, ಜಗಳ ಆಮೇಲೆ ಆಡೋಣ. ಹರಿಯುವ ಹೊಳೆ, 4ನೇ ನಂಬರಿನ ಹಗುರ ರಾಡ್, ನೀರಿನ ಮೇಲೆ ತೇಲುವ ಫ್ಲೈ ಅಂದರೆ ಡ್ರೈ ಫ್ಲೈ, ಅದಕ್ಕೆ ಬಾಯಿ ಹಾಕಿದ 13 ಇಂಚಿನ ಮೀನು. ಒಂದು ಇಂಚು ಆಚೀಚೆ ಆದರೆ ತಕರಾರಿಲ್ಲ.

ಕಾರಣ ಮೀನಿನ ಹೊಟ್ಟೆಯಲ್ಲಿದೆ. ಬ್ರೌನ್ ಟ್ರೌಟ್ ದೊಡ್ಡದಾಗುತ್ತ ಹೋದ ಹಾಗೆ ಹುಳಗಳನ್ನು ಬಿಟ್ಟು ಸಣ್ಣ ಮೀನುಗಳ ಬೆನ್ನು ಹತ್ತುತ್ತದೆ. ಹಗಲು ಬೇರಿನ ಸಂದಿಯಲ್ಲೋ, ದಂಡೆ ಕೊರೆದ ಪೊಟರೆಯಲ್ಲೋ ಅಡಗಿರುತ್ತದೆ. ಬೇಟೆ ಕತ್ತಲಾದ ಮೇಲೆ. ಅದನ್ನು ಹಿಡಿಯಬೇಕಾದರೆ ಹೆಚ್ಚಿನ ಸಲ ಭಾರದ ಸ್ಟ್ರೀಮರ್, ಅಂದರೆ ಸಣ್ಣ ಮೀನಿನಂತೆ ಕಾಣುವ ಫ್ಲೈ, ಮುಳುಗಿಸಿ, ಕಾಣದ ನೀರಿನಲ್ಲಿ ಗಂಟೆಗಟ್ಟಲೆ ಎಳೆಯಬೇಕು. ಕೈಗೆ ಜಗ್ಗು ಸಿಗುತ್ತದೆ, ಕಣ್ಣಿಗೆ ಏನೂ ಸಿಗುವುದಿಲ್ಲ.

13 ಇಂಚಿನದು ಹಾಗಲ್ಲ. ಅದಕ್ಕಿನ್ನೂ ಹುಳವೇ ಊಟ. ಒಂದು ಮೇಫ್ಲೈ ಹುಳ ರೆಕ್ಕೆ ನಿಗುರಿಸಿಕೊಂಡು ತೇಲಿ ಬರುತ್ತದೆ. ಕಲ್ಲಿನ ಪಕ್ಕ ಮೂಗಿನ ತುದಿ ಮಾತ್ರ ಮೇಲೆ ಬಂತು, ಹುಳ ಇಲ್ಲ. ನೀರಿನ ಮೇಲೆ ಒಂದು ಬಳೆ ಅಗಲವಾಗಿ ಅಳಿಸಿಹೋಯಿತು. ನೀವು ಹರಿವಿನಲ್ಲಿ ನಾಲ್ಕಡಿ ಮೇಲಕ್ಕೆ ಫ್ಲೈ ಇಳಿಸುತ್ತೀರಿ. ಅದು ಅದೇ ದಾರಿಯಲ್ಲಿ ಬರುತ್ತಿದೆ, ಉಸಿರು ಬಿಗಿಹಿಡಿದಿದ್ದೀರಿ, ಮತ್ತೆ ಅದೇ ಮೂಗು! ಈ ಒಂದು ಕ್ಷಣಕ್ಕಾಗಿಯೇ ಅಲ್ವಾ ನಾವೆಲ್ಲ ಸೊಂಟದವರೆಗೆ ತಣ್ಣೀರಿನಲ್ಲಿ ನಿಲ್ಲುವುದು?

ಹಾಗಾದರೆ 10 ಇಂಚಿನದೇ ಸಾಲದೇ ಅಂತ ಕೇಳಬಹುದು. ಇಲ್ಲಿ ಲೆಕ್ಕ ಮೋಸ ಮಾಡುತ್ತದೆ. ಮೀನಿನ ಉದ್ದ ಎರಡು ಪಟ್ಟಾದರೆ ತೂಕ ಸುಮಾರು ಎಂಟು ಪಟ್ಟಾಗುತ್ತದೆ. ಮೈ ತುಂಬಿದ 10 ಇಂಚಿನ ಟ್ರೌಟ್ 160 ಗ್ರಾಂ ಆಸುಪಾಸು ತೂಗಿದರೆ, 13 ಇಂಚಿನದು 350 ಗ್ರಾಂ ದಾಟುತ್ತದೆ. ಮೂರೇ ಇಂಚು, ತೂಕ ಎರಡರಷ್ಟು. ಮೊದಲನೆಯದು ರಾಡಿನ ತುದಿ ನಡುಗಿಸುತ್ತದೆ. ಎರಡನೆಯದು ರೀಲಿನಿಂದ ಲೈನ್ ಎಳೆದುಕೊಂಡು ಹೋಗುತ್ತದೆ. ಅದೇ ಮೀನನ್ನು 8ನೇ ನಂಬರಿನ ಗಟ್ಟಿ ರಾಡಿನಲ್ಲಿ ಹಿಡಿದು ನೋಡಿ, ಒದ್ದೆ ಎಲೆ ಸಿಕ್ಕಿಕೊಂಡ ಹಾಗಿರುತ್ತದೆ. ಅಳತೆ ಮೀನಿನದೊಂದೇ ಅಲ್ಲ, ರಾಡಿನದ್ದೂ ಹೌದು, ನೀರಿನದ್ದೂ ಹೌದು. ಹಾರಿ ದಾಟಬಹುದಾದ ತೊರೆಯಲ್ಲಿ 8 ಇಂಚಿನ ಬ್ರೂಕ್ ಟ್ರೌಟೇ ರಾಜ.

ದೊಡ್ಡ ಮೀನಿನ ಬಗ್ಗೆ ನನಗೆ ಹೊಟ್ಟೆಕಿಚ್ಚು ಅಂದುಕೊಳ್ಳಬೇಡಿ. 20 ಇಂಚಿನದು, ಒಂದೂಕಾಲು ಕಿಲೋ ಮೀರಿದ್ದು, ಡ್ರೈ ಫ್ಲೈಗೆ ಬಂದರೆ ನಾನೂ ಕುಣಿಯುತ್ತೇನೆ. ಒಮ್ಮೆ ಕುಣಿದೂ ಇದ್ದೇನೆ. ಬೇಸಿಗೆಯ ಸಂಜೆ, ನೀರು ಬೆಚ್ಚಗಿತ್ತು. ನನ್ನ ಟಿಪ್ಪೆಟ್, ಅಂದರೆ ಫ್ಲೈ ಕಟ್ಟುವ ತುದಿಯ ದಾರ, 6ಎಕ್ಸ್, 0.13 ಮಿಲಿಮೀಟರ್ ದಪ್ಪದ್ದು. ಜೋರಾಗಿ ಎಳೆದರೆ ಕಡಿಯುತ್ತದೆಂಬ ಭಯಕ್ಕೆ ಇಪ್ಪತ್ತು ನಿಮಿಷ ಆಡಿಸಿದೆ. ಆಮೇಲೆ ಫೋಟೊಗೆಂದು ಮೇಲೆತ್ತಿ ಹಿಡಿದೆ. ಒಂದು ತೆಗೆದಿದ್ದಾಯಿತು, ಇನ್ನೊಂದು ಇರಲಿ ಅಂದೆ. ನೀರಿಗೆ ಬಿಟ್ಟಾಗ ಅದು ಮಗುಚಿಕೊಂಡಿತು. ಮೊಣಕಾಲೂರಿ, ತಲೆಯನ್ನು ಹರಿವಿಗೆ ಎದುರು ಹಿಡಿದು ತುಂಬಾ ಹೊತ್ತು ಕೂತೆ. ಕಿವಿರು ನಿಂತೇಹೋಯಿತು. ಆ ಫೋಟೊ ಯಾರಿಗೂ ತೋರಿಸಿಲ್ಲ.

1992ರಲ್ಲಿ ಕೆನಡಾದಲ್ಲಿ ಪ್ರಕಟವಾದ ಒಂದು ಅಧ್ಯಯನ ಓದಿದಾಗ ನನ್ನ ತಪ್ಪು ಇನ್ನೂ ಚೆನ್ನಾಗಿ ಗೊತ್ತಾಯಿತು. ರೇನ್‌ಬೋ ಟ್ರೌಟ್‌ಗಳನ್ನು ಪೂರ್ತಿ ಸುಸ್ತು ಮಾಡಿ, ನೀರಿನಿಂದ ಹೊರಗೆ ತೆಗೆಯದೆ ಬಿಟ್ಟಾಗ ಸತ್ತದ್ದು ಶೇ. 12. ಅಷ್ಟೇ ಸುಸ್ತಾದವನ್ನು 30 ಸೆಕೆಂಡ್ ಗಾಳಿಯಲ್ಲಿಟ್ಟಾಗ ಶೇ. 38. ಒಂದು ನಿಮಿಷ ಇಟ್ಟಾಗ ಶೇ. 72. ನಿಮ್ಮ 13 ಇಂಚಿನ ಮೀನು ಸ್ವಲ್ಪ ದಪ್ಪದ 5ಎಕ್ಸ್ ದಾರದಲ್ಲಿ ಒಂದೆರಡು ನಿಮಿಷಕ್ಕೆ ಬಲೆಗೆ ಬರುತ್ತದೆ. ಹಿಮ್ಮುಳ್ಳು ಒತ್ತಿ ಚಪ್ಪಟೆ ಮಾಡಿದ ಕೊಕ್ಕೆಯಾದರೆ ನೀರಿನಲ್ಲಿದ್ದ ಹಾಗೆಯೇ ಕಳಚುತ್ತದೆ. ಬಿಳಿ ಸುತ್ತಿನ ಕೆಂಪು ಚುಕ್ಕೆಗಳನ್ನು ಒಂದು ಸಲ ನೋಡುವಷ್ಟರಲ್ಲಿ ನಿಮ್ಮ ಮುಖಕ್ಕೆ ನೀರು ಚಿಮ್ಮಿಸಿ ಹೊರಟೇ ಹೋಗಿರುತ್ತದೆ.

ನಿಮ್ಮ ಗೆಳೆಯರ 20 ಇಂಚಿನ ಬಗ್ಗೆ ಒಂದು ಮಾತು. ಮೀನನ್ನು ಕೈ ಚಾಚಿ ಕ್ಯಾಮೆರಾ ಹತ್ತಿರ ಹಿಡಿದರೆ ಯಾವ ಮೀನೂ ದೊಡ್ಡದೇ. ರಾಡಿನ ಮೇಲೆಯೇ, ಹಿಡಿಯಿಂದ ಮೇಲಕ್ಕೆ ಅಳತೆ ನೋಡಿ, 12 ಇಂಚಿಗೊಂದು, 16ಕ್ಕೊಂದು ದಾರ ಸುತ್ತಿ ಗುರುತು ಮಾಡಿಕೊಳ್ಳಿ. ನಾನು ಹಾಗೆ ಮಾಡಿದ ವರ್ಷ, ಅಲ್ಲಿಯವರೆಗೂ ಹಿಡಿಯುತ್ತಿದ್ದ 15 ಇಂಚಿನ ಮೀನುಗಳೆಲ್ಲ ಒಮ್ಮೆಲೇ 13ಕ್ಕೆ ಇಳಿದುಬಿಟ್ಟವು.